ನಟ್ಟು, ವಾಶರು ಮತ್ತು ನಾಜೂಕಿನ ಸೈಕಲ್ಲು

ಪೊಸಡಿಗುಂಪೆಯ ಮುರಕಲ್ಲಿನ ದಾರಿಗೋ ರಾಣಿಪುರದ ಇಳಿಜಾರಿಗೋ ಒಯ್ಯುವ, ಹಿಂಬದಿಯಲ್ಲೂ ಶಾಕ್ ಅಬ್ಸಾರ್ಬರ್ ಇರುವ ಮೌಂಟನ್ ಬೈಕನ್ನು ಮನೆಯಲ್ಲಿ ಬಿಚ್ಚಬಾರದು ಎಂಬ ಬುದ್ಧಿವಾದವನ್ನು ನೀವೂ ಕೇಳಿರಬಹುದು. ಕೀಲುಗಳ ಬೇರಿಂಗ್ ಬದಲಿಸಲು ಅದಕ್ಕೆಂದೇ ಮಾಡಿದ ಪ್ರೆಸ್ ಬೇಕು, ಕೈಗೆ ಸಿಕ್ಕಿದ ಬೋಲ್ಟು ವಾಶರುಗಳಿಂದ ಹೊರಟರೆ ಫ್ರೇಮೇ ಹಾಳು ಎನ್ನುತ್ತಾರೆ. ಹಾಗೆ ಹಾಳಾದ ಫ್ರೇಮುಗಳು ಇಲ್ಲವೆಂದು ನಾನು ಹೇಳಲಾರೆ. ಆದರೆ ಅವು ಹಾಳಾದದ್ದು ಉಪಕರಣ ಅಗ್ಗದ್ದು ಎಂಬ ಕಾರಣಕ್ಕೇ ಎಂದು ಒಪ್ಪಲು ನನಗೆ ಕಷ್ಟ.

ಆ ಪ್ರೆಸ್ಸಿನಲ್ಲಿ ಇರುವುದಾದರೂ ಏನು? ಉದ್ದಕ್ಕೂ ತಿರುಪಿನ ಗೆರೆ ಇರುವ ಒಂದು ಸರಳು, ಎರಡು ನಟ್ಟು, ಅಳತೆಗೆ ತಕ್ಕ ಬಿಲ್ಲೆಗಳು. ಇವೆಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ. ಬಿಲ್ಲೆಯ ಬದಲಿಗೆ ಸಾಕೆಟ್ ಆಗುತ್ತದೆ. ಅಸಲು ಪ್ರಶ್ನೆ ಬಲ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು. ಫ್ರೇಮಿನೊಳಗೆ ಬಿಗಿಯಾಗಿ ಕೂರುವುದು ಬೇರಿಂಗಿನ ಹೊರಬಳೆ. ಒತ್ತಡವೂ ಅದರ ಮೇಲೆಯೇ ಬೀಳಬೇಕು. ಒಳಬಳೆಯನ್ನು ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾದು, ಅವು ಓಡುವ ಹಾದಿಯಲ್ಲಿ ಕುಳಿ ಬೀಳುತ್ತದೆ. ಹೊಸ ಬೇರಿಂಗ್ ಕೂರಿಸುವಾಗಲೇ ಹಳತಾಗುತ್ತದೆ. ಕೀಲುಗಳಲ್ಲಿ ಸಾಮಾನ್ಯವಾಗಿ ಸಿಗುವ 6902 ಸಂಖ್ಯೆಯ ಬೇರಿಂಗನ್ನೇ ನೋಡಿ: ಒಳವ್ಯಾಸ 15 ಮಿ.ಮೀ., ಹೊರವ್ಯಾಸ 28, ದಪ್ಪ 7. ಒತ್ತುವ ಬದಿಗೆ 28ಕ್ಕಿಂತ ತುಸು ಸಣ್ಣ ಸಾಕೆಟ್ ಬೇಕು. ತೆಗೆಯುವಾಗ ಬೇರಿಂಗ್ ಹೊರಬಂದು ಬೀಳುವ ಬದಿಗೆ 28ಕ್ಕಿಂತ ಅಗಲ ಬಾಯಿಯದು ಬೇಕು. ತಪ್ಪು ಬಿಲ್ಲೆ ಹಾಕಿದರೆ ದುಬಾರಿ ಪ್ರೆಸ್ಸೂ ಇದೇ ಹಾನಿ ಮಾಡೀತು.

ಸುತ್ತಿಗೆಯ ವಿಷಯದಲ್ಲಿ ಮಾತ್ರ ಲೋಕದ ಮಾತೇ ಸರಿ. ಪೆಟ್ಟು ನೇರ ಬೀಳುವುದಿಲ್ಲ. ಬೇರಿಂಗ್ ಓರೆಯಾಗಿ ಅಲ್ಯೂಮಿನಿಯಂ ಗೂಡನ್ನು ಗೀರುತ್ತದೆ. ಗೀರಿದ ಗೂಡಿಗೆ ಮದ್ದಿಲ್ಲ.

ಗ್ರೀಸನ್ನು ಬೇರಿಂಗಿನ ಮೂರನೇ ಒಂದು ಭಾಗದಷ್ಟೇ ತುಂಬಬೇಕು ಎಂಬುದು ಇನ್ನೊಂದು ನಿಯಮ. ತೋಟದ ಪಂಪ್‌ಸೆಟ್ಟಿನ ಮೋಟಾರಿಗೆ ಇದು ಸರಿಯೇ. ಅದು ನಿಮಿಷಕ್ಕೆ ಸುಮಾರು 2,880 ಸುತ್ತು ತಿರುಗುವಾಗ ಹೆಚ್ಚಿನ ಗ್ರೀಸು ಕಲಸಿ ಬಿಸಿಯಾಗುತ್ತದೆ. ಆದರೆ ಸೈಕಲ್ಲಿನ ಕೀಲು ಒಂದು ಸುತ್ತನ್ನೂ ಪೂರ್ತಿ ತಿರುಗುವುದಿಲ್ಲ. ಬಾಗಿಲ ತಿರುಗಣಿಯ ಹಾಗೆ ಕೆಲವು ಡಿಗ್ರಿ ಹೋಗಿ ಬರುತ್ತದೆ, ಅಷ್ಟೆ. ಬಿಸಿಯಾಗುವ ಭಯವಿಲ್ಲದಲ್ಲಿ ಖಾಲಿ ಜಾಗವೆಂದರೆ ನೀರಿಗೆ ಬಿಟ್ಟ ಜಾಗ. ಬ್ಲೇಡಿನ ತುದಿಯಿಂದ ಸೀಲನ್ನು ಮೆಲ್ಲಗೆ ಎಬ್ಬಿಸಿ, ನೀರಿಗೆ ಜಗ್ಗದ ಗ್ರೀಸನ್ನು ಪೂರ್ತಿ ತುಂಬುವುದೇ ಇಲ್ಲಿ ಯುಕ್ತ.

ಸೀಲ್ ಇದೆಯಲ್ಲ, ನೀರು ಹೇಗೆ ಹೋದೀತು ಎನ್ನಬಹುದು. ರಬ್ಬರ್ ಸೀಲು ಸಿಡಿದ ಕೆಸರನ್ನು ತಡೆಯಬಲ್ಲದು, ಒತ್ತಡದ ನೀರನ್ನಲ್ಲ. ಅಡಿಕೆಗೆ ಮದ್ದು ಬಿಡುವ ಪಂಪಿನಿಂದಲೇ ಸೈಕಲ್ಲನ್ನೂ ತೊಳೆಯುವ ಆಸೆ ನಮ್ಮ ಕಡೆ ಸಹಜ. (ಹೋಸಿನಲ್ಲಿ ಮೈಲುತುತ್ತು ಉಳಿದಿದ್ದರಂತೂ ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ಅದು ಶತ್ರು.) ತೊಳೆಯದ ಸೈಕಲ್ಲಿಗಿಂತ ಹೀಗೆ ತೊಳೆದ ಸೈಕಲ್ಲೇ ಬೇಗ ಕೆಟ್ಟರೆ ಆಶ್ಚರ್ಯವಿಲ್ಲ.

ಬೇರಿಂಗನ್ನು ಬೆರಳಲ್ಲಿ ತಿರುಗಿಸಿ ‘ಸಲೀಸಾಗಿದೆ’ ಎನ್ನುವ ಪರೀಕ್ಷೆಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಸವೆತವಿರುವುದು ಅದು ಆಡುವ ಆ ಚಿಕ್ಕ ಕಮಾನಿನಲ್ಲಿ ಮಾತ್ರ. ಉಳಿದ ಸುತ್ತು ನುಣುಪಾಗಿಯೇ ಇದ್ದೀತು. ಮಳೆಗಾಲ ಮುಗಿದ ಮೇಲೊಮ್ಮೆ ಶಾಕನ್ನು ಕಳಚಿ, ಹಿಂಬದಿಯ ಚೌಕಟ್ಟನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ ನೋಡಿ. ಗರಗರ ಅಥವಾ ತಡೆ ಅಲ್ಲಿ ಸ್ಪಷ್ಟವಾಗುತ್ತದೆ.

ಕಾರ್ಬನ್ ಫ್ರೇಮಾದರೆ, ಅಥವಾ ಹಿಂದಿನಿಂದ ಒತ್ತಲು ದಾರಿಯಿಲ್ಲದ ಗೂಡಾದರೆ, ಬಲ್ಲವರ ಕೈಗೆ ಕೊಡುವುದೇ ಲೇಸು. ಉಳಿದವರು ಹಳೆಯ ಬೇರಿಂಗಿನ ಬದಿಯ ಸಂಖ್ಯೆಯನ್ನು ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋಗಬಹುದು. ಆದರೆ ಹಳೆಯದರಲ್ಲಿ ಗುಂಡುಗಳನ್ನು ಬಿಡಿಸಿಡುವ ಪಂಜರವಿಲ್ಲದೆ ಬಳೆ ತುಂಬ ಗುಂಡುಗಳೇ ಇದ್ದರೆ, ಅಂಥದ್ದನ್ನೇ ಕೇಳಿ ತನ್ನಿ. ಅದೇ ಅಳತೆಯ ಸಾಮಾನ್ಯ ಬೇರಿಂಗಿನಲ್ಲಿ ಗುಂಡುಗಳು ಕಡಿಮೆ, ಹೊರುವ ಭಾರವೂ ಕಡಿಮೆ.