ಹಾಜರಿ ಪುಸ್ತಕದ ನ್ಯಾಯ

2020ರ ಮಾರ್ಚಿನಲ್ಲಿ ಶಾಲೆ ಕಾಲೇಜುಗಳ ಬಾಗಿಲು ಮುಚ್ಚಿ, ಪಾಠವೆಂಬುದು ಫೋನಿನೊಳಗೆ ಸೇರಿಕೊಂಡಾಗ ನಾನೂ ಆ ಗಾಜಿನ ಮುಂದೆ ಕುಳಿತು ರಗಳೆಯ ಲಕ್ಷಣ ಹೇಳಿದವನೇ. ಹಾಜರಿ ಕೂಗಿದೆ, ಉತ್ತರ ಬಾರದ ಹೆಸರಿನ ಮುಂದೆ ಗೈರು ಎಂದು ಬರೆದೆ. ಬೈಲಕುಪ್ಪೆಯ ಕಡೆಯ ಹಾಡಿಯೊಂದರಿಂದ ಬರುತ್ತಿದ್ದ ಹುಡುಗನ ಹೆಸರಿನ ಮುಂದೆ ಅದು ಸಾಲುಗಟ್ಟಿತು. ಮನೆಗೆ ಇದ್ದದ್ದು ಒಂದೇ ಫೋನು. ಹಗಲೆಲ್ಲ ಅದು ಶುಂಠಿ ಹೊಲಕ್ಕೆ ಕೂಲಿಗೆ ಹೋಗುವ ಅಣ್ಣನ ಜೇಬಿನಲ್ಲಿ. ಸಂಜೆ ಕೈಗೆ ಬಂದರೂ ಸಿಗ್ನಲ್ಲಿಗಾಗಿ ದಿಬ್ಬ ಹತ್ತಬೇಕು. ಕತ್ತಲಾದರೆ ಆನೆಯ ಭಯ. ಕಾಲೇಜು ತೆರೆದ ಮೇಲೆ ಅವನ ಜೊತೆಗಾರನಿಂದ ಇದು ತಿಳಿಯಿತು. ಕೇಳಿದ್ದರೆ ಮೊದಲೇ ತಿಳಿಯುತ್ತಿತ್ತು.

ಆ ವರ್ಷದ ಆಗಸ್ಟಿನಲ್ಲಿ ಸರ್ಕಾರ ಆರಂಭಿಸಿದ ‘ವಿದ್ಯಾಗಮ’ದಲ್ಲಿ ಶಾಲೆಯ ಉಪಾಧ್ಯಾಯರು ಗುಡಿಯ ಜಗುಲಿಗೆ, ಮರದ ನೆರಳಿಗೆ ತಾವೇ ನಡೆದು ಹೋದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತಿತು, ನಿಲ್ಲಿಸಿದ್ದು ತಪ್ಪೆನ್ನಲಾರೆ. ಆದರೆ ಮಕ್ಕಳಿದ್ದಲ್ಲಿಗೆ ಪಾಠ ಹೋಗಬೇಕೆಂಬ ಎಣಿಕೆ ಸರಿಯಾದದ್ದೇ.

ಮಳೆ ಹಿಡಿದು ರಜೆ ಬಂತೆಂದರೆ ಪಾಠವನ್ನು ಫೋನಿಗೆ ಕಳುಹಿಸಿ ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಉಳಿದುಬಿಟ್ಟಿದೆ. ಅಂಥ ದಿನಗಳ ಹಾಜರಿಗೆ ಅಂಕ ಕಟ್ಟಬಾರದು. ಅದೇ ಪಾಠ ಅಚ್ಚಿನ ಹಾಳೆಯಾಗಿ ಹಾಡಿಗೂ ತಲುಪಬೇಕು. ಬರೆದೊಪ್ಪಿಸಲು ವಾರವೊಂದು ಹೆಚ್ಚು ಕೊಡಬೇಕು. ಆ ಹುಡುಗನ ಗೈರುಗಳನ್ನು ನಾನು ಕಡೆಗೆ ಹೊಡೆದುಹಾಕಿದೆ. ಅಷ್ಟರಲ್ಲಿ ಅವನು ಕಾಲೇಜು ಬಿಟ್ಟಿದ್ದ.