ನೂರು ಅಂದರೆ ನೂರು ಅಂದಿದ್ದಿರಿ

ನಮ್ಮ ಹೋಬಳಿಗೆ ಫೈಬರ್ ಇಂಟರ್ನೆಟ್ ಕೊಡುತ್ತಿರುವ ಕಂಪನಿಯ ವಲಯ ಮುಖ್ಯಸ್ಥರಿಗೆ,



ಈ ಕಾಗದವನ್ನು ನಿಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕೊಡುತ್ತಿರುವುದಕ್ಕೆ ಕ್ಷಮೆ ಇರಲಿ. ಕಚೇರಿಗೆ ಕಳಿಸಿದ ಮೂರು ಕಾಗದಗಳಿಗೆ ಉತ್ತರವಿಲ್ಲ. ಕಸ್ಟಮರ್ ಕೇರ್‌ಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ, ಹನ್ನೊಂದು ದೂರಿನ ನಂಬರೂ ನನ್ನ ಪುಸ್ತಕದಲ್ಲಿವೆ. ಅಲ್ಲಿಯೂ ಆಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅವರು 39 ದಿನದೊಳಗೆ ತೀರ್ಮಾನ ಹೇಳಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2012ರಲ್ಲಿ ನಿಯಮ ಮಾಡಿದೆ. ಬರೆದೆ, ಕಾದೆ. ಬಂದ ಉತ್ತರ ಏನೆಂದು ಮುಂದೆ ಹೇಳುತ್ತೇನೆ. ಅದನ್ನು ಓದಿದ ದಿನವೇ ಇನ್ನು ಊರೆದುರಿಗೆ ಹೇಳುವುದೊಂದೇ ದಾರಿ ಅನ್ನಿಸಿದ್ದು.

ನಡೆದದ್ದು ಹೊಸನಗರ ತಾಲೂಕಿನ ಈ ಕಡೆಯವರಿಗೆಲ್ಲ ಗೊತ್ತಿದೆ. ಜನವರಿಯಲ್ಲಿ ನಿಮ್ಮ ಲೈನ್ ಬಂತು. ಮಾರ್ಚಿಗೆ ಸಂಜೆ ಹೊತ್ತಿನ ಸ್ಪೀಡ್ ಬಿತ್ತು. ಪುಷ್ಯ ಮಳೆಯಲ್ಲಿ ಮರ ಬಿದ್ದು ಲೈನ್ ಕಟ್ಟಾಯಿತು, ಆರು ದಿನ ಬರಲಿಲ್ಲ. ಇಷ್ಟೇ. ಆದರೆ ಇದಕ್ಕೆಲ್ಲ ಮೊದಲು ಒಂದು ಸಭೆ ನಡೆದಿತ್ತು.

ಸೊಸೈಟಿ ಸಭಾಭವನದಲ್ಲಿ ಸೇರಿದ್ದೆವು. ಅಡಿಕೆ ಸುಲಿತ ಇನ್ನೂ ಮುಗಿದಿರಲಿಲ್ಲ, ಹೆಂಗಸರು ಕೈಯ ಚೊಗರು ಕಲೆ ತೊಳೆದುಕೊಂಡು ಹಾಗೇ ಬಂದಿದ್ದರು. ನೀವು ಖುದ್ದು ಬಂದಿದ್ದಿರಿ, ಮಾನ್ಯರೇ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, 'ಕಾಗದದಲ್ಲಿ ನೂರು ಅಂತಿದೆ, ಮನೆಗೆ ಎಷ್ಟು ಬರ್ತದೆ?' ಎಂದು ಕೇಳಿದರು. ನೀವು ಎದ್ದು ನಿಂತು ಹೇಳಿದಿರಿ: 'ನೂರು ಅಂದರೆ ನೂರು. ಒಂದು ಕಡಿಮೆ ಬಂದರೂ ಕಸ್ಟಮರ್ ಕೇರ್‌ಗಲ್ಲ, ನನಗೇ ಫೋನ್ ಮಾಡಿ.' ಜೇಬಿನಿಂದ ಕಾರ್ಡ್ ತೆಗೆದು ನನ್ನ ಕೈಗೆ ಕೊಟ್ಟಿರಿ, ಊರಿನಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಸೇವೆಯ ಅಂಗಡಿ ಇಟ್ಟವಳು ನಾನೊಬ್ಬಳೇ ಎಂಬ ಕಾರಣಕ್ಕೆ. ಆ ಕಾರ್ಡನ್ನು ಅಂಗಡಿಯ ಗೋಡೆಗೆ ಅಂಟಿಸಿದೆ.

31 ಮನೆಯವರು ನಿಮ್ಮ ಕಂಪನಿಗೆ ಬಂದದ್ದು ಪಾಂಪ್ಲೆಟ್ ಓದಿ ಅಲ್ಲ. 'ನೀನು ನೋಡಿ ಹೇಳು, ಯಾವುದು ತಗೊಳ್ಳೋಣ' ಎಂದು ನನ್ನನ್ನು ಕೇಳಿದರು. ನಾನು ಹಳೆಯ ಸಂಪರ್ಕ ಮತ್ತು ನಿಮ್ಮದು ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದೆ. ಹಳೆಯದು 30 ಎಂಬಿಪಿಎಸ್, ನಿಮ್ಮದು 100. ತಿಂಗಳ ಬಾಡಿಗೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆದು ಗೋಡೆಗೆ ಹಾಕಿದೆ. 599 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಆರು ತಿಂಗಳ ಮುಂಗಡ ಒಟ್ಟು 4,241 ರೂಪಾಯಿ. ಮನೆಗೊಂದರಂತೆ ಎಣಿಸಿದರೆ ಈ ಊರಿನಿಂದ ಒಂದು ಲಕ್ಷದ ಮೂವತ್ತೊಂದು ಸಾವಿರಕ್ಕೂ ಹೆಚ್ಚು ಹಣ ಒಂದೇ ವಾರದಲ್ಲಿ ನಿಮಗೆ ಬಂತು. ಹಳೆಯ ಸಂಪರ್ಕವನ್ನು ನಾನೂ ವಾಪಸ್ ಕೊಟ್ಟೆ.

ನನ್ನ ಹೋಲಿಕೆ ತಪ್ಪಾಗಿತ್ತು. ಪಾಂಪ್ಲೆಟ್ಟಿನಲ್ಲಿ ಬರೆದದ್ದನ್ನು ಪಾಂಪ್ಲೆಟ್ಟಿನಲ್ಲಿ ಬರೆದದ್ದರ ಜತೆ ಹೋಲಿಸಿದ್ದೆ. ಹೋಲಿಸಬೇಕಾದದ್ದು ಬೇರೆಯೇ ಇತ್ತು ಎಂದು ತಿಳಿಯಲು ಏಳು ತಿಂಗಳು ಹಿಡಿಯಿತು. ಕನೆಕ್ಷನ್ ಆರಿಸಲು ಹೊರಟಿರುವ ಬೇರೆ ಊರಿನವರು ಓದಲಿ ಎಂದೇ ಇದನ್ನು ಬಿಡಿಸಿ ಬರೆಯುತ್ತೇನೆ.

ನಿಮ್ಮ ಹುಡುಗರು ಬಂದು ಸ್ಪೀಡ್ ಟೆಸ್ಟ್ ಮಾಡಿ ತೋರಿಸಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಮೊಬೈಲಿನಲ್ಲಿ ಮುಳ್ಳು 96ಕ್ಕೆ ಏರಿತು, ಎಲ್ಲರೂ ಖುಷಿಪಟ್ಟರು. ಹನ್ನೊಂದಕ್ಕೆ ಮಕ್ಕಳು ಶಾಲೆಯಲ್ಲಿ, ದೊಡ್ಡವರು ತೋಟದಲ್ಲಿ. ಇಡೀ ಲೈನಿನಲ್ಲಿ ಆಗ ಇದ್ದದ್ದು ಆ ಒಂದು ಮೊಬೈಲ್. ಮೇಲಾಗಿ ಅವರು ಟೆಸ್ಟ್ ಮಾಡಿದ್ದು ನಿಮ್ಮ ಕಂಪನಿಯದೇ ಸರ್ವರ್ ಇಟ್ಟುಕೊಂಡು. ಅಂದರೆ ಅಳೆದದ್ದು ನಿಮ್ಮ ಅಂಗಳದೊಳಗಿನ ದಾರಿಯನ್ನು. ಅಂಗಳ ದಾಟಿ ಹೊರಗಿನ ಸರ್ವರ್‌ಗೆ ಹೋಗಿ ಬರಲು ಎಷ್ಟು ಹೊತ್ತು ಎಂಬುದನ್ನು ನೋಡಲೇ ಇಲ್ಲ.

ಮಾರ್ಚಿನಿಂದ ನಾನೇ ಅಳೆಯತೊಡಗಿದೆ. ಇಲ್ಲಿನ ಜಂಬಿಟ್ಟಿಗೆ ಗೋಡೆಗಳಲ್ಲಿ ವೈಫೈ ಅರ್ಧ ಸೋರಿಹೋಗುತ್ತದೆ, ಹಾಗಾಗಿ ವೈಫೈ ನಂಬಲಿಲ್ಲ. ರೌಟರ್‌ನಿಂದ ಕಂಪ್ಯೂಟರಿಗೆ ನೇರ ವೈರ್ ಹಾಕಿ, ಬೇರೆಯವರ ಸರ್ವರ್ ಆರಿಸಿ, ದಿನಕ್ಕೆ ಮೂರು ಹೊತ್ತು ನೋಡಿದೆ. ಬೆಳಿಗ್ಗೆ 90ರ ಆಸುಪಾಸು. ಮಧ್ಯಾಹ್ನ 70, 75. ರಾತ್ರಿ ಎಂಟೂವರೆಗೆ 9, 11, 7, ಒಂದು ದಿನ 4. ಅಪ್‌ಲೋಡ್ ಅಂತೂ ಆ ಹೊತ್ತಿಗೆ ಎರಡರ ಮೇಲೆ ಏಳಲೇ ಇಲ್ಲ. ಅಪ್‌ಲೋಡ್ ಎಷ್ಟು ಎಂದು ನಿಮ್ಮ ಪಾಂಪ್ಲೆಟ್ಟಿನಲ್ಲಿ ಎಲ್ಲಿಯೂ ಇಲ್ಲ, ನಾವೂ ಕೇಳಿರಲಿಲ್ಲ. ಪಕ್ಕದ ಮನೆಯ ಹುಡುಗ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ. ಅವನ ಮುಖ ಆ ಕಡೆಯವರಿಗೆ ಕಾಣುವುದು ಅಪ್‌ಲೋಡಿನಿಂದ. ಏಪ್ರಿಲಿನಲ್ಲಿ ಅವನು ಬೆಂಗಳೂರಿಗೆ ವಾಪಸ್ ಹೋದ. ಅವನ ತಾಯಿ ಈಗ ಒಬ್ಬರೇ ಇದ್ದಾರೆ.

ನಿಮ್ಮ ಮೇಲೆ ಇಲ್ಲದ ತಪ್ಪನ್ನು ನಾನು ಹೊರಿಸಿಲ್ಲ, ಸಾರ್. '100 ಅಂದರು, ಡೌನ್‌ಲೋಡಿನಲ್ಲಿ 12 ತೋರಿಸ್ತಿದೆ' ಎಂದು ಜಗಳಕ್ಕೆ ಬಂದವರನ್ನು ಕೂರಿಸಿ, ಕಂಪನಿ ಹೇಳುವುದು ಬಿಟ್ ಲೆಕ್ಕ, ಫೈಲಿನ ತೂಕ ಬೈಟ್ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟ್, 100ಕ್ಕೆ ಹನ್ನೆರಡೂವರೆ ಬಂದರೆ ಪೂರ್ತಿ ಬಂದ ಹಾಗೆ ಎಂದು ನಿಮ್ಮ ಪರವಾಗಿ ಲೆಕ್ಕ ಹಾಕಿ ತೋರಿಸಿದ್ದೇನೆ. ಒಂದೇ ಎಳೆಯನ್ನು ಹಲವು ಮನೆಗೆ ಹಂಚುತ್ತಾರೆ, ಸಂಜೆ ಸ್ವಲ್ಪ ಇಳಿಯುವುದು ಸಹಜ ಎಂದೂ ಹೇಳಿದ್ದೇನೆ. ಆದರೆ ಹಂಚಲಿಕ್ಕೂ ಒಂದು ಮಿತಿ ಇದೆಯಲ್ಲ? ಮನೆ ಬಳಕೆಗೆ ಒಂದಕ್ಕೆ ಐವತ್ತು ಮೀರಬಾರದು ಎಂದು ಟ್ರಾಯ್ 2009ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ನಮ್ಮ ಲೈನಿನಲ್ಲಿ ಎಷ್ಟು ಮನೆ, ಹಿಂದಿನಿಂದ ಬರುವ ಒಟ್ಟು ವೇಗ ಎಷ್ಟು ಎಂದು ಮೂರೂ ಕಾಗದದಲ್ಲಿ ಕೇಳಿದೆ. ಈ ಒಂದು ಪ್ರಶ್ನೆಗೆ ಉತ್ತರ ಹೇಳಿದ್ದರೆ ನಾನು ಸುಮ್ಮನಾಗುತ್ತಿದ್ದೆನೇನೋ.

ನಿಮಗೂ ಫೋನ್ ಮಾಡಿದೆ. ಗೋಡೆಯ ಮೇಲಿನ ಕಾರ್ಡ್ ನೋಡಿಕೊಂಡು ಮಾಡಿದೆ. ರಿಂಗ್ ಆಗುತ್ತಿತ್ತು.

ಇನ್ನು ಪುಷ್ಯ ಮಳೆಯ ಆ ಆರು ದಿನ. ಫೈಬರ್ ಅಂದರೆ ಕೂದಲೆಳೆಯಷ್ಟು ತೆಳುವಾದ ಗಾಜು. ನಿಮ್ಮವರು ಅದನ್ನು ಕಂಬ ನೆಡದೆ ಹಲಸಿನ ಮರದಿಂದ ಮಾವಿನ ಮರಕ್ಕೆ, ಮಾವಿನ ಮರದಿಂದ ಕರೆಂಟ್ ಕಂಬಕ್ಕೆ ಕಟ್ಟಿಕೊಂಡು ಬಂದಿದ್ದರು. ಮಲೆನಾಡಿನ ಮಳೆಗೆ ಇದು ನಿಲ್ಲುವುದಿಲ್ಲ ಎಂದು ಕಟ್ಟುವಾಗಲೇ ಊರಿನವರು ಹೇಳಿದ್ದರು. ಮೊದಲ ದಿನ ಮಧ್ಯಾಹ್ನ ಹಲಸಿನ ಕೊಂಬೆ ಮುರಿದು ಬಿತ್ತು. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ 'ಲಾಸ್' ಎಂದು ಬರೆದ ಕಡೆ ಕೆಂಪು ದೀಪ ಮಿಣುಕತೊಡಗಿತು. ಆ ದೀಪ ಮಿಣುಕಿದರೆ ಗಾಜಿನ ಎಳೆಯಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ, ರೌಟರ್ ನೂರು ಸಲ ಆಫ್ ಮಾಡಿ ಆನ್ ಮಾಡಿದರೂ ಬರುವುದಿಲ್ಲ. ಕಸ್ಟಮರ್ ಕೇರ್‌ನವರು ಆರೂ ದಿನ ಆಫ್ ಮಾಡಿ ಆನ್ ಮಾಡಿಸಿದರು. ಮೊದಲ ಎರಡು ದಿನ ಹಿಂದಿಯಲ್ಲಿ. ಮೂರನೇ ದಿನ, ನಾನು ಕೆಂಪು ದೀಪದ ಕೆಳಗೇ ನಿಂತಿರುವಾಗ, 'ನಿಮ್ಮ ದೂರು ಬಗೆಹರಿದಿದೆ' ಎಂದು ಮೆಸೇಜ್ ಬಂತು.

ಸಿಇಟಿ ಆಪ್ಷನ್ ಎಂಟ್ರಿಯ ದಿನಗಳು ಅವು. ಕೂಲಿ ಮಾಡುವವರ ಮಗಳು ಒಬ್ಬಳು ದಿನಾ ಬೆಳಿಗ್ಗೆ ಬಂದು ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದಳು. ಇನ್ನೂರು ಪುಟದ ನೋಟ್‌ಬುಕ್, ಅದನ್ನು ಒದ್ದೆಯಾಗದಂತೆ ಅಡಿಕೆ ಸೊಸೈಟಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುತ್ತಿದ್ದಳು. ಒಳಗೆ ಸ್ಕೇಲಿನಿಂದ ಗೆರೆ ಎಳೆದು 58 ಆಯ್ಕೆ. ಕಾಲೇಜಿನ ಕೋಡ್ ನೀಲಿಯಲ್ಲಿ, ಕೋರ್ಸ್ ಕಪ್ಪಿನಲ್ಲಿ, ಫೀಸು ಕಡಿಮೆ ಇರುವುದರ ಪಕ್ಕ ಒಂದು ಪುಟ್ಟ ನಕ್ಷತ್ರ. 'ಆಂಟಿ, ಇವತ್ತು ಬರ್ತದಾ?' ಎಂದು ಕೇಳುತ್ತಿದ್ದಳು. ನಾನು ನಿಮ್ಮವರಿಗೆ ಫೋನ್ ಮಾಡುತ್ತಿದ್ದೆ. 'ಇಪ್ಪತ್ತನಾಲ್ಕು ಗಂಟೆಯೊಳಗೆ ಆಗುತ್ತೆ ಮೇಡಂ' ಎನ್ನುತ್ತಿದ್ದರು. ಅದನ್ನೇ ನಾನು ಅವಳಿಗೆ ಹೇಳುತ್ತಿದ್ದೆ. ಒಂದು ದಿನ ಅಲ್ಲ, ಐದು ದಿನ ಹೇಳಿದೆ. ಮೊದಲ ದಿನವೇ 'ಒಂದು ವಾರ ಆಗುತ್ತದೆ' ಎಂದು ನಿಜ ಹೇಳಿದ್ದರೆ ಅವಳನ್ನು ಸಾಗರದ ಬಸ್ಸು ಹತ್ತಿಸುತ್ತಿದ್ದೆ. ಕೊನೆಯ ದಿನ ಹೊರಡೋಣವೆಂದರೆ ಸೇತುವೆಯ ಮೇಲೆ ನೀರು. ಅವಳ ಅಪ್ಪ, ಅವಳು, ನಾನು ಮೂರು ಜನ ಗುಡ್ಡ ಹತ್ತಿದೆವು. ಮೊಬೈಲಿನಲ್ಲಿ ಒಂದು ಕಡ್ಡಿ ಸಿಗ್ನಲ್. ಅವಳ ಅಪ್ಪ ಕೊಡೆ ಹಿಡಿದರು, ನಾನು ಟಾರ್ಚ್ ಬಿಟ್ಟೆ, ಅವಳು ಒಂದೊಂದೇ ಕೋಡ್ ಒತ್ತಿದಳು. ಹದಿನಾಲ್ಕನೆಯದು ಸೇವ್ ಆಗುವ ಹೊತ್ತಿಗೆ ಗಡುವು ಮುಗಿಯಿತು.

ಮೊದಲ ಸುತ್ತಿನಲ್ಲಿ ಆ ಹದಿನಾಲ್ಕರಲ್ಲಿ ಒಂದೂ ಸಿಗಲಿಲ್ಲ. ಕಟ್‌ಆಫ್ ಪಟ್ಟಿ ಬಂದ ಮೇಲೆ ಅವಳೇ ನೋಡಿ ಹೇಳಿದಳು, ಹದಿನೇಳನೇ ಸಾಲಿನ ಕಾಲೇಜು ಅವಳ ರ‍್ಯಾಂಕಿಗೆ ಸಿಗುತ್ತಿತ್ತು. ಅದರ ಪಕ್ಕ ನಕ್ಷತ್ರ ಇತ್ತು.

ಈಗ ನಿಮ್ಮ ಮೇಲ್ಮನವಿಯ ಉತ್ತರಕ್ಕೆ ಬರೋಣ, ಸ್ವಾಮಿ. ಅದರಲ್ಲಿ ಮೂರು ಸಾಲು. ಸ್ಪೀಡ್ ಪರೀಕ್ಷಿಸಲಾಗಿದೆ, ಸರಿಯಿದೆ. ನಿಮ್ಮ ಸಂಪರ್ಕ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗಕ್ಕಿಂತ ಮೇಲೆಯೇ ಇದೆ. ಮಳೆಯಿಂದಾದ ತೊಂದರೆಗೆ ಕಂಪನಿ ಹೊಣೆಯಲ್ಲ. ಕನಿಷ್ಠ ವೇಗ ಎಂದರೆ ಏನು ಗೊತ್ತೇ ಓದುಗರೇ? 2013ರಿಂದ ಅದು 512 ಕೆಬಿಪಿಎಸ್ ಇತ್ತು, 2023ರ ಜನವರಿಯಲ್ಲಿ ಸರ್ಕಾರ ಅದನ್ನು 2 ಎಂಬಿಪಿಎಸ್ ಮಾಡಿತು. ಎರಡು! ನೂರು ಎಂದು ಹೇಳಿ ದುಡ್ಡು ತೆಗೆದುಕೊಂಡು, ಕೊಡದಿದ್ದಾಗ ಎರಡಕ್ಕಿಂತ ಹೆಚ್ಚೇ ಕೊಟ್ಟಿದ್ದೇವಲ್ಲ ಎನ್ನುವುದಾದರೆ, ಸಭಾಭವನದಲ್ಲಿ ಆ ಮಾತನ್ನು ಹೇಳಬೇಕಿತ್ತು. 'ಎರಡು ಅಂದರೆ ಎರಡು' ಎನ್ನಬೇಕಿತ್ತು. ಒಬ್ಬರೂ ಸಹಿ ಹಾಕುತ್ತಿರಲಿಲ್ಲ.

ದುರಸ್ತಿ ಮೂರು ಕೆಲಸದ ದಿನ ಮೀರಿದರೆ ಬಾಡಿಗೆಯಲ್ಲಿ ಕಡಿತ ಕೊಡಬೇಕೆಂದು ಟ್ರಾಯ್‌ನ 2006ರ ನಿಯಮದಲ್ಲೇ ಇತ್ತು. ನಮಗೆ ಬಿಲ್ಲಿನಲ್ಲಿ ಒಂದು ರೂಪಾಯಿ ಇಳಿದಿಲ್ಲ. ಇಡೀ ತಾಲೂಕಿಗೆ ಎಳೆ ಜೋಡಿಸುವ ಸ್ಪ್ಲೈಸಿಂಗ್ ಮೆಷಿನ್ ಒಂದೇ ಇದೆಯಂತೆ, ಅದು ಆರು ದಿನ ಬೇರೆ ಕಡೆ ಇತ್ತಂತೆ. ಕೊನೆಗೆ ಬಂದ ಹುಡುಗ ಹೇಳಿದ್ದು. ಮಳೆಯಲ್ಲಿ ನೆನೆದು ನಡುಗುತ್ತಿದ್ದ, ಅವನಿಗೆ ಕಾಫಿ ಕೊಟ್ಟು ಕಳಿಸಿದೆ. ಕೆಲಸ ಮುಗಿಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಅರ್ಧ ಗಂಟೆಯ ಕೆಲಸಕ್ಕೆ ಆರು ದಿನ!

ಇದು ನಿಮ್ಮೊಬ್ಬರ ಕಂಪನಿಯ ಮಾತಲ್ಲ ಎಂದೂ ಗೊತ್ತು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ರಸ್ತೆ ಬದಿಯಲ್ಲಿ, ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಕೊಡೆ ಹಿಡಿದು ನಿಂತ ತಂದೆಯ ಫೋಟೋವನ್ನು ನಾಡೆಲ್ಲ ನೋಡಿತು. ಅದೇ ವರ್ಷ ಮಲೆನಾಡಿನ ಹಳ್ಳಿಗಳಲ್ಲಿ 'ನೋ ನೆಟ್‌ವರ್ಕ್ ನೋ ವೋಟಿಂಗ್' ಎಂಬ ಕೂಗು ಎದ್ದಿತು. ಅಂದಿನಿಂದ ಇಂದಿನವರೆಗೆ ಆಗಿದ್ದೇನು? ರೇಷನ್‌ಗೆ ಹೆಬ್ಬೆಟ್ಟು ಒತ್ತಬೇಕು, ಅದಕ್ಕೆ ನೆಟ್ ಬೇಕು. ಪಹಣಿಗೆ ನೆಟ್ ಬೇಕು. ಬೆಳೆ ವಿಮೆಗೆ, ಸ್ಕಾಲರ್‌ಶಿಪ್ಪಿಗೆ, ಪಿಂಚಣಿಗೆ ನೆಟ್ ಬೇಕು. ಎಲ್ಲವನ್ನೂ ಆನ್‌ಲೈನ್ ಮಾಡಿ ಕಡೆಯ ದಿನಾಂಕ ಗೊತ್ತುಮಾಡುವ ಸರ್ಕಾರ, ಆ ದಿನ ಲೈನ್ ಇರುತ್ತದೋ ಇಲ್ಲವೋ ಎಂದು ಯಾರನ್ನೂ ಕೇಳುವುದಿಲ್ಲ. ಗ್ರಾಮ ಪಂಚಾಯಿತಿಗಳಿಗೆಲ್ಲ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಆಗ ಹುಟ್ಟಿದ ಮಗು ಈಗ ಹೈಸ್ಕೂಲಿನಲ್ಲಿದೆ. ಆ ಮಗುವೂ ಗುಡ್ಡ ಹತ್ತಬೇಕೇ?

ಆದರೂ ನಾನು ಮಾತು ಆಡಬೇಕಾದದ್ದು ನಿಮ್ಮ ಹತ್ತಿರವೇ. ಸರ್ಕಾರ ನನ್ನ ಕೈಗೆ ಕಾರ್ಡ್ ಕೊಟ್ಟಿರಲಿಲ್ಲ, ನೀವು ಕೊಟ್ಟಿದ್ದಿರಿ.

31 ಮನೆಗೂ ಆರು ದಿನದ ಬಾಡಿಗೆ ಕಡಿತ ಕೊಡಿ. ರಾತ್ರಿ ಎಂಟರಿಂದ ಹತ್ತರ ಸ್ಪೀಡ್ ಎಷ್ಟು, ಅಪ್‌ಲೋಡ್ ಎಷ್ಟು ಎಂದು ಪಾಂಪ್ಲೆಟ್ಟಿನಲ್ಲಿ ಅಚ್ಚು ಹಾಕಿಸಿ. ಲೈನನ್ನು ಮರದಿಂದ ಬಿಡಿಸಿ ಕಂಬಕ್ಕೆ ತನ್ನಿ. ನಮ್ಮ ಹೋಬಳಿಗೊಂದು ಸ್ಪ್ಲೈಸಿಂಗ್ ಮೆಷಿನ್, ಅದನ್ನು ಹಿಡಿಯಬಲ್ಲ ಒಬ್ಬ ಊರಿನ ಹುಡುಗ, ಅವನಿಗೊಂದು ರೇನ್‌ಕೋಟ್ ಇರಲಿ. ಫೋನ್ ಎತ್ತುವವರು ಕನ್ನಡದಲ್ಲಿ ಮಾತಾಡಲಿ, ಆಗದಿದ್ದನ್ನು ಆಗುವುದಿಲ್ಲ ಎನ್ನಲಿ. ಇಲ್ಲವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಟೆಲಿಕಾಂ ದೂರನ್ನೂ ಅಲ್ಲಿ ಕೇಳಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಸ್ಪೀಡ್ ಪುಸ್ತಕ, ದೂರಿನ ನಂಬರುಗಳು, 'ಬಗೆಹರಿದಿದೆ' ಎಂಬ ಮೆಸೇಜು, ಅದೇ ಹೊತ್ತಿಗೆ ತೆಗೆದ ಕೆಂಪು ದೀಪದ ಫೋಟೋ ಎಲ್ಲವೂ ಜೋಡಿಸಿಟ್ಟಿದೆ.

ನಾನು ಬರೆದು ಅಂಟಿಸಿದ್ದ ಹೋಲಿಕೆಯ ಹಾಳೆಯನ್ನು ಗೋಡೆಯಿಂದ ಕಿತ್ತಿದ್ದೇನೆ. ನಿಮ್ಮ ಕಾರ್ಡನ್ನು ಕಿತ್ತಿಲ್ಲ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿಯಿಂದ ಮತ್ತೆ ನಿಮಗೇ ಫೋನ್ ಮಾಡುತ್ತೇನೆ. ಆ ಹುಡುಗಿಯೂ ಪಕ್ಕದಲ್ಲಿ ಇರುತ್ತಾಳೆ. ಎತ್ತಿ.

ಇತಿ,
ನೀವು ಕಾರ್ಡ್ ಕೊಟ್ಟಿದ್ದ ಜೆರಾಕ್ಸ್ ಅಂಗಡಿಯವಳು