ಗುಳಿಗೆ ಸೋತ ಮೇಲೆ ಏನು?

ಶ್ವಾಸಕೋಶದ ಗಡ್ಡೆಯಲ್ಲಿ ಇಜಿಎಫ್ಆರ್ ಜೀನ್ ಕೆಟ್ಟಿದೆ ಎಂದು ವರದಿ ಬಂದರೆ ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದುಕೊಡಬಹುದು. ಹಳೆಯದು ಜೆಫಿಟಿನಿಬ್; ಹೊಸದು ಓಸಿಮರ್ಟಿನಿಬ್. ಎರಡನ್ನೂ ಹೊರತಂದದ್ದು ಆಸ್ಟ್ರಾಜೆನೆಕಾ. ಹಳೆಯದನ್ನು ಈಗ ಭಾರತದ ಹಲವು ಕಂಪನಿಗಳು ಅಗ್ಗವಾಗಿ ತಯಾರಿಸುತ್ತವೆ.

ಹೊಸದು ಮೇಲು ಎನ್ನುವವರು ತೋರಿಸುವುದು ಫ್ಲೌರಾ ಎಂಬ ಪರೀಕ್ಷೆಯನ್ನು. 556 ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಓಸಿಮರ್ಟಿನಿಬ್, ಉಳಿದ 277 ಜನಕ್ಕೆ ಜೆಫಿಟಿನಿಬ್ ಅಥವಾ ಅದೇ ಜಾತಿಯ ಎರ್ಲೋಟಿನಿಬ್. ಮೊದಲ ಗುಂಪಿನ ಅರ್ಧ ಜನ 38.6 ತಿಂಗಳು ದಾಟಿದರು, ಎರಡನೆಯ ಗುಂಪಿನ ಅರ್ಧ ಜನ 31.8 ತಿಂಗಳು. ಗೆಲುವೇನೋ ನಿಜ. ಆದರೆ ಹಳೆಯ ಗುಳಿಗೆ ಸೋಲುವವರಲ್ಲಿ ಸುಮಾರು ಅರ್ಧ ಜನಕ್ಕೆ ಕಾರಣ ಟಿ790ಎಂ ಎಂಬ ಇನ್ನೊಂದು ಜೀನ್ ಬದಲಾವಣೆ. ಓಸಿಮರ್ಟಿನಿಬ್ ಹುಟ್ಟಿದ್ದೇ ಅದನ್ನು ಎದುರಿಸಲು. ಹಾಗಿದ್ದೂ ಆ 277 ಜನರಲ್ಲಿ ಮುಂದೆ ಅದು ಸಿಕ್ಕಿದ್ದು 85 ಜನಕ್ಕೆ. ಕೆಲವರಿಗೆ ಟಿ790ಎಂ ಇರಲಿಲ್ಲ, ಕೆಲವರು ಅಷ್ಟು ದಿನ ಉಳಿಯಲಿಲ್ಲ; ಒಪ್ಪೋಣ. ಆದರೂ ಹೊಸ ಗುಳಿಗೆಯನ್ನು ಮೊದಲೇ ಕೊಡಬೇಕೋ, ಹಳೆಯದು ಸೋತಾಗ ಕೊಟ್ಟರೆ ಸಾಕೋ ಎಂಬ ಪ್ರಶ್ನೆ ಅರ್ಧಕ್ಕೇ ನಿಂತಿತು. ಮನೆ ಒತ್ತೆಯಿಟ್ಟು ಔಷಧ ಕೊಳ್ಳುವವರಿಗೆ ಬೇಕಾದ ಉತ್ತರ ಅದೇ.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಬೇರೆಯೇ ಪ್ರಶ್ನೆ ಕೇಳಿತು: ಅಗ್ಗದ ಜೆಫಿಟಿನಿಬ್‌ಗೆ ಹಳೆಯ ಕೀಮೋ ಔಷಧಗಳನ್ನು ಸೇರಿಸಿದರೆ? 350 ರೋಗಿಗಳ ಆ ಪರೀಕ್ಷೆಯಲ್ಲಿ ರೋಗ ಹತೋಟಿಯಲ್ಲಿದ್ದ ಅವಧಿ 8 ತಿಂಗಳಿಂದ 16ಕ್ಕೆ ಏರಿತು. ತೀವ್ರ ಅಡ್ಡಪರಿಣಾಮವೂ ಶೇ 25ರಿಂದ 51ಕ್ಕೆ ಏರಿತು, ಅದನ್ನು ಮುಚ್ಚಿಡುವುದು ಬೇಡ. ಫ್ಲೌರಾ ಬಿಟ್ಟಿದ್ದವರನ್ನೂ, ಅಂದರೆ ಸ್ನಾನ, ಊಟ ತಾವೇ ಮಾಡಿಕೊಂಡರೂ ದುಡಿಯಲಾಗದಷ್ಟು ಬಳಲಿದವರನ್ನೂ ಟಾಟಾ ಸೇರಿಸಿಕೊಂಡಿತು. ಐವರಲ್ಲಿ ಒಬ್ಬರು ಅಂಥವರು. ಅಲ್ಲಿ ಬರೀ ಜೆಫಿಟಿನಿಬ್ ಪಡೆದವರಲ್ಲಿ ಅರ್ಧ ಜನ ದಾಟಿದ್ದು 17 ತಿಂಗಳು ಮಾತ್ರ. 31.8 ಎಲ್ಲಿ, 17 ಎಲ್ಲಿ! ರೋಗಿಗಳೇ ಬೇರೆಯಾದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಆದರೆ ಯಾರನ್ನು ಒಳಗೆ ಬಿಟ್ಟರು, ಔಷಧ ಸೋತ ಮೇಲೆ ಅವರಿಗೆ ಏನು ಸಿಕ್ಕಿತು ಎಂಬುದೂ ಅಂಕಿಯಲ್ಲಿ ಸೇರಿರುತ್ತದೆ.

ಆದ್ದರಿಂದ ಹೊಸ ಪರೀಕ್ಷೆಗೆ ಅನುಮತಿ ಕೊಡುವವರು ಒಂದು ಷರತ್ತು ಹಾಕಲೇಬೇಕು: ಹಳೆಯ ಔಷಧದ ಗುಂಪಿನಲ್ಲಿ ರೋಗ ಮರುಕಳಿಸಿದವರಿಗೆ, ಕೆಲಸ ಮಾಡುವುದೆಂದು ಆಗಲೇ ಗೊತ್ತಿರುವ ಮುಂದಿನ ಔಷಧವನ್ನು ಕಂಪನಿಯೇ ತನ್ನ ಖರ್ಚಿನಲ್ಲಿ ಕೊಡಬೇಕು. ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲೂ, ಅವರು ಓದಬಲ್ಲ ಭಾಷೆಯಲ್ಲಿ, ಆ ಮಾತು ಮೊದಲ ಪುಟದಲ್ಲೇ ಇರಲಿ.